ನಾರಿನ ಕಾಲು

ನನ್ನ ಸವತಿ ಒಂದು ತೆಂಗಿನ ಮರ. ನಗಬೇಡಿ. ಕಣಕಟ್ಟೆಯಿಂದ ಅರಸೀಕೆರೆ ಕಡೆಗೆ ಹೊರಟರೆ ಸಿಗುವ ನಮ್ಮ ತೋಟದಲ್ಲಿ, ಬೇಲಿ ಪಕ್ಕದ ಸಾಲಿನ ಕೊನೆಗೆ ನಿಂತಿದ್ದಾಳೆ. ಯಾರು ಬೇಕಾದರೂ ಬಂದು ನೋಡಬಹುದು.

ನನ್ನ ಗಂಡ ಚಿದಂಬರ ಅವರ ಮೊದಲ ಹೆಂಡತಿ ಶಿಲ್ಪಾ ಜ್ವರದಲ್ಲಿ ತೀರಿಕೊಂಡಾಗ ಅವಳನ್ನು ಆ ಜಾಗದಲ್ಲೇ ಮಣ್ಣು ಮಾಡಿದರು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಹೂಳುತ್ತಾರೆ. ಈ ಮನೆಯವರದು ಇನ್ನೊಂದು ಪದ್ಧತಿ ಇದೆ. ಹೂತ ಜಾಗದಲ್ಲಿ ಒಂದು ತೆಂಗಿನ ಸಸಿ ನೆಡುತ್ತಾರೆ. ಆ ಮರದ ಕಾಯಿಯನ್ನು ಮನೆಯವರು ತಿನ್ನುವುದಿಲ್ಲ, ಮಾರುವುದಿಲ್ಲ, ಸುಲಿದು ಮಠಕ್ಕೆ ಕೊಡುತ್ತಾರೆ. ಸಿಪ್ಪೆಯನ್ನು ಅಲ್ಲೇ ಬುಡಕ್ಕೆ ಹಾಕಿ ಬರುತ್ತಾರೆ.

ನಾನು ಮದುವೆಯಾಗಿ ಬಂದಾಗ ಆ ಸಸಿ ನನ್ನ ಸೊಂಟದೆತ್ತರ ಇತ್ತು. ಅತ್ತೆ ಬಸಮ್ಮ ಕೈ ಹಿಡಿದು ಕರೆದುಕೊಂಡು ಹೋಗಿ, "ನಿಮ್ಮಕ್ಕ ಕಣವ್ವ, ಕೈ ಮುಗಿ" ಅಂದರು. ನಾನೋ ಬೇಲೂರಿನ ಅಂಗಡಿಯವರ ಮಗಳು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಹಾಸನದಲ್ಲಿ ಫೈಬರ್ ಟ್ಯಾಂಕ್ ಮಾಡುವ ಕಡೆ ಕೆಲಸಕ್ಕಿದ್ದವಳು. ಬಾಯಿ ಜೋರು ಅಂತ ಬಂದ ಗಂಡುಗಳೆಲ್ಲ ಕಾಫಿ ಕುಡಿದು ಎದ್ದುಹೋಗಿ, ಕಡೆಗೆ ಎರಡನೇ ಸಂಬಂಧಕ್ಕೆ ಒಪ್ಪಿದವಳು. ಗಿಡಕ್ಕೆ ಕೈ ಮುಗಿದೆ. ನಿನ್ನ ಪಾಡಿಗೆ ನೀನಿರು, ನನ್ನ ಪಾಡಿಗೆ ನಾನಿರ್ತೀನಿ ಅಂತ ಮನಸ್ಸಿನಲ್ಲೇ ಹೇಳಿ ಬಂದೆ.

ಸಸಿ ಮರವಾಗಿ ಕಾಯಿ ಬಿಟ್ಟ ಮೇಲೂ ಇಬ್ಬರೂ ಹಾಗೇ ಇದ್ದೆವು, ಇವರ ಕಾಲು ಹೋಗುವವರೆಗೆ.

ಸಕ್ಕರೆ ಕಾಯಿಲೆ. ಚಪ್ಪಲಿ ಉಜ್ಜಿ ಹೆಬ್ಬೆರಳಿಗೆ ಆದ ಸಣ್ಣ ಗಾಯ. ಅರಿಸಿನ ಹಚ್ಚಿಕೊಂಡು ನನಗೂ ಹೇಳದೆ ಓಡಾಡಿದರು ಮಹಾನುಭಾವರು. ಹಾಸನದ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ತೆಗೆದುಬಿಟ್ಟರು. ಆಮೇಲೆ ಯಾವುದೋ ಶಿಬಿರದಲ್ಲಿ ಪ್ಲಾಸ್ಟಿಕ್ ಕಾಲು ಕೊಟ್ಟರು, ಅದು ಒತ್ತಿ ಒತ್ತಿ ಹುಣ್ಣಾಯಿತು. ಅದನ್ನು ಮಂಚದ ಕೆಳಗೆ ಎಸೆದು, ಗೋಡೆ ಕಡೆ ಮುಖ ಮಾಡಿ ಮಲಗಿದರು. ಬೆಳಗಾಗೆದ್ದು ಇಡೀ ತೋಟ ಸುತ್ತಿ, ಯಾವ ಮರದಲ್ಲಿ ಯಾವ ಗೊನೆ ಇಳಿದಿದೆ ಅಂತ ಹೇಳುತ್ತಿದ್ದ ಮನುಷ್ಯ ಊಟಕ್ಕೂ ಏಳಲಿಲ್ಲ. ನನಗೆ ಕೋಪ ಬಂತು. ನನಗೆ ದುಃಖ ಬಂದರೂ ಕೋಪವಾಗಿಯೇ ಬರುತ್ತದೆ.

"ಏಳ್ರೀ. ನಾನೇ ಮಾಡಿಕೊಡ್ತೀನಿ ಕಾಲು" ಅಂದೆ.

ಬಾಯಿಗೆ ಬಂದ ಮಾತಲ್ಲ ಅದು. ಮನೆಯ ಪಕ್ಕದ ಶೆಡ್ಡಿನಲ್ಲಿ ನನ್ನದೊಂದು ಸಣ್ಣ ಕಾರ್ಖಾನೆಯೇ ಇದೆ. ತೆಂಗಿನ ನಾರನ್ನೂ ಫೈಬರ್ ಗ್ಲಾಸ್ ಅನ್ನುವ ಗಾಜಿನ ನಾರನ್ನೂ ಸೇರಿಸಿ ಬಚ್ಚಲ ಬಾಗಿಲು, ಸಂಪಿನ ಮುಚ್ಚಳ, ದನದ ಗೋದಲಿ ಮಾಡುತ್ತೇನೆ. ಗಾಜಿನ ನಾರು ಗಟ್ಟಿ, ಆದರೆ ಸಿಟ್ಟಿನದು. ತಡೆಯುವಷ್ಟು ತಡೆದು ಒಂದೇ ಸಲ ಪಟ್ ಅಂತ ಮುರಿಯುತ್ತದೆ. ತೆಂಗಿನ ನಾರಿಗೆ ಅಷ್ಟು ಬಲವಿಲ್ಲ. ಆದರೆ ಎಳೆದರೆ ಹಿಗ್ಗುತ್ತದೆ, ಪೆಟ್ಟು ಬಿದ್ದರೆ ನುಂಗಿಕೊಳ್ಳುತ್ತದೆ. ಒಳಗೆ ತೆಂಗು, ಹೊರಗೆ ಗಾಜು ಇಟ್ಟು ರೆಸಿನ್ ಅನ್ನುವ ಅಂಟು ಕುಡಿಸಿ ಒತ್ತಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚುತ್ತದೆ. ಬರೀ ಗಾಜಿನಲ್ಲಿ ಕಾಲು ಮಾಡಿದರೆ ಪ್ರತಿ ಹೆಜ್ಜೆಯೂ ಮೂಳೆಗೆ ಬಡಿಯುತ್ತದೆ. ತೆಂಗು ಒಳಗಿದ್ದರೆ ಹಾಗಾಗುವುದಿಲ್ಲ.

"ಸಿಪ್ಪೆ ನಾನೇ ತತ್ತೀನಿ. ನನ್ನ ಕಾಲಿಗೆ ನಾನು ಅಷ್ಟಾದ್ರೂ ಮಾಡ್ಬ್ಯಾಡ್ವಾ?" ಅಂದರು ಇವರು. ಊರುಗೋಲು ಹಿಡಿದು ತೋಟಕ್ಕೆ ಹೋಗಿ, ಮಧ್ಯಾಹ್ನವೆಲ್ಲ ಅಲ್ಲೇ ಇದ್ದು, ಸೊಂಟಕ್ಕೆ ಚೀಲ ಕಟ್ಟಿ ಎಳೆದುಕೊಂಡು ಬಂದರು. ಕಣ್ಣು ಕೆಂಪಗಿತ್ತು. ಮಂಚ ಬಿಟ್ಟು ಎದ್ದರಲ್ಲ ಅನ್ನುವ ಖುಷಿಯಲ್ಲಿ ಯಾವ ಮರದ ಸಿಪ್ಪೆ ಅಂತ ನಾನು ಕೇಳಲಿಲ್ಲ.

ಆ ನಾರು ಮೊದಲಿನಿಂದಲೇ ವಿಚಿತ್ರವಾಗಿತ್ತು. ತೆಂಗಿನ ನಾರಿಗೆ ಮೇಣದ ಪೊರೆ ಇರುತ್ತದೆ, ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ ತೊಳೆಯದಿದ್ದರೆ ರೆಸಿನ್ ಹಿಡಿಯುವುದಿಲ್ಲ. ನಾನು ನೆನೆಸುವ ಮುಂಚೆ, ನೋಡೋಣ ಅಂತ ಒಂದು ಹಿಡಿ ನಾರಿನ ಮೇಲೆ ಒಂದು ತೊಟ್ಟು ರೆಸಿನ್ ಬಿಟ್ಟೆ. ಬಾಯಾರಿದವರು ನೀರು ಕುಡಿದ ಹಾಗೆ ಎಳೆದುಕೊಂಡಿತು. ಅಚ್ಚಿನ ಮೇಲೆ ಹಾಸಿ ರೋಲರ್ ಓಡಿಸುವಾಗ ಒಂದು ಎಳೆಯೂ ಮೇಲೇಳಲಿಲ್ಲ. ಎಲ್ಲ ನಾರೂ ಒಂದೇ ದಿಕ್ಕಿಗೆ ತಿರುಗಿ, ತಲೆ ಬಾಚಿದ ಹಾಗೆ ಮಲಗಿತು. ಒಳ್ಳೇ ಮಾಲು ಅಂದುಕೊಂಡು ಹೆಮ್ಮೆಪಟ್ಟೆ, ನನ್ನ ಬುದ್ಧಿಗಿಷ್ಟು.

ಕಾಲು ಚೆನ್ನಾಗಿ ಬಂತು. ಶಿಬಿರದವರ ರಬ್ಬರ್ ಪಾದವನ್ನೇ ಕೆಳಗೆ ಜೋಡಿಸಿ, ಮೇಲೆ ಬೆಲ್ಟ್ ಹಾಕಿದೆ. ಇವರು ಹಾಕಿಕೊಂಡು ನಿಂತರು, ಒಂದು ಹೆಜ್ಜೆ ಇಟ್ಟರು, ಮುಖ ಅರಳಿತು. "ನೋವೇ ಇಲ್ಲ ಕಣೇ ಅರುಣಾ! ಮೆತ್ತಗೆ ಐತೆ, ಯಾರೋ ಅಂಗೈ ಕೊಟ್ಟಂಗೆ ಐತೆ" ಅಂದರು. ಅತ್ತೆ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದರು. ನಾನು ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಅವತ್ತಿನಿಂದ ಊಟವಾದ ಮೇಲೆ ತೋಟಕ್ಕೆ ಹೋಗುವ ಅಭ್ಯಾಸ ಶುರುವಾಯಿತು. "ಎಲ್ಲಿಗ್ರೀ ಹೊರಟ್ರಿ?" ಅಂದರೆ, "ಹಂಗೇ, ತೋಟದ ಕಡೆ" ಅನ್ನುವರು. ಓಡಾಡಲಿ ಬಿಡು ಅಂತ ಸುಮ್ಮನಿದ್ದೆ. ಆದರೆ ದಿನ ಕಳೆದ ಹಾಗೆ ಮುಖ ಬಾಡಿತು. ಹೋದವರು ಹೊತ್ತಿಳಿಯುವವರೆಗೆ ಬರುತ್ತಿರಲಿಲ್ಲ. ಬಿಚ್ಚಿ ಗೋಡೆಗೆ ಒರಗಿಸಿದ ಕಾಲಿನ ಪಾದ, ನಾನು ಹೇಗೇ ಇಟ್ಟರೂ, ಮತ್ತೆ ನೋಡುವಾಗ ಹಿತ್ತಲ ಬಾಗಿಲ ಕಡೆಗೆ ತಿರುಗಿರುತ್ತಿತ್ತು. ಬೆಕ್ಕು ತಗುಲಿರಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು, ಆ ಕಾಲು ಬಂದ ಮೇಲೆ ಬೆಕ್ಕು ಮನೆಯೊಳಕ್ಕೇ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಿಂದೆಯೇ ಹೋದೆ. ಇವರು ನಡೆಯುತ್ತಿದ್ದ ರೀತಿಯೇ ಬೇರೆಯಾಗಿತ್ತು. ಹಗ್ಗ ಹಿಡಿದವನನ್ನು ಕರು ಎಳೆದುಕೊಂಡು ಹೋಗುತ್ತದಲ್ಲ, ಹಾಗೆ ಆ ಕಾಲು ಮುಂದೆ, ಇವರು ಹಿಂದೆ. ಕೋಲನ್ನು ನೆಲಕ್ಕೆ ಊರಿ ತಡೆಯುತ್ತಿದ್ದರು, ಒಳ್ಳೆಯ ಕಾಲು ಮಣ್ಣಿನಲ್ಲಿ ಗೀರು ಎಳೆಯುತ್ತಾ ಬರುತ್ತಿತ್ತು. ಬೇಲಿ ಸಾಲಿನ ಕೊನೆಯ ಮರದ ಬುಡಕ್ಕೆ ಹೋಗಿ ಕಾಲು ನಿಂತಿತು. ಇವರೂ ನಿಂತರು.

"ಬನ್ರೀ ಮನೆಗೆ" ಅಂದೆ.

ಇವರು ತಿರುಗಿ ನೋಡಿದರು. ಬೆವರು ಇಳಿಯುತ್ತಿತ್ತು. "ಕಾಲು ಬತ್ತಾ ಇಲ್ಲ ಕಣೇ" ಅಂದರು, ಸಣ್ಣ ದನಿಯಲ್ಲಿ.

ಗಾಳಿ ಇರಲಿಲ್ಲ. ಅಕ್ಕಪಕ್ಕದ ಯಾವ ಮರದ ಗರಿಯೂ ಅಲ್ಲಾಡಲಿಲ್ಲ. ಮೇಲೆ ಏನೋ ಕಳಚಿದ ಸದ್ದಾಯಿತು, ದಪ್ ಅಂತ ಒಂದು ಒಣಗಿದ ಕಾಯಿ ಇವರ ಭುಜ ಸವರಿಕೊಂಡು ಬಿದ್ದು ಮಣ್ಣಿನಲ್ಲಿ ಹೂತಿತು. ಒಂದು ಗೇಣು ಈಚೆಗೆ ಬಿದ್ದಿದ್ದರೆ ತಲೆ ಒಡೆಯುತ್ತಿತ್ತು. ನಾನು ಓಡಿಹೋಗಿ ಬೆಲ್ಟ್ ಬಿಚ್ಚಿ, ಇವರನ್ನು ಹೆಗಲಿಗೆ ಹಾಕಿಕೊಂಡು ಬಂದೆ. ಮನೆಯ ಮೆಟ್ಟಿಲಲ್ಲಿ ತಿರುಗಿ ನೋಡಿದರೆ ಆ ಕಾಲೊಂದೇ ಮರದ ಕೆಳಗೆ ನೆಟ್ಟಗೆ ನಿಂತಿತ್ತು. ಒರಗಿರಲಿಲ್ಲ, ಬಿದ್ದಿರಲಿಲ್ಲ, ಯಾರೋ ಅದರೊಳಗೆ ಇದ್ದ ಹಾಗೆ ಸುಮ್ಮನೆ ನಿಂತಿತ್ತು.

ದೆವ್ವ ಗಿವ್ವ ಅಂತ ಕೂರುವ ಹೆಣ್ಣಲ್ಲ ನಾನು. ಕಾಲು ಮಾಡಿದಾಗ ಉಳಿದ ತುಂಡಿನಿಂದ ಒಂದು ಪಟ್ಟಿ, ಸಂತೆಯ ನಾರಿನಿಂದ ಮಾಡಿದ ಗೋದಲಿಯ ಹಲಗೆಯಿಂದ ಒಂದು ಪಟ್ಟಿ ಕತ್ತರಿಸಿಕೊಂಡು ಹಾಸನದ ಬಸ್ ಹತ್ತಿದೆ. ಅಲ್ಲಿಯ ಒಂದು ಕಾಲೇಜಿನಲ್ಲಿ ಮೋಹನ್‌ಕುಮಾರ್ ಇದ್ದಾನೆ. ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದವನು, ಹಳೇಬೀಡಿನವನು. ಅವನ ಲ್ಯಾಬಿನಲ್ಲಿ ಪಟ್ಟಿಯ ಎರಡು ತುದಿ ಕಚ್ಚಿಕೊಂಡು ಎಳೆಯುವ ಯಂತ್ರವಿದೆ. ಎಷ್ಟು ಎಳೆದರೆ ಎಷ್ಟು ಹಿಗ್ಗುತ್ತದೆ, ಯಾವಾಗ ಮುರಿಯುತ್ತದೆ ಅಂತ ಪರದೆಯ ಮೇಲೆ ಗೆರೆ ಬರುತ್ತದೆ.

ಮೊದಲು ಸಂತೆಯ ನಾರಿನದು ಹಾಕಿದ. ಅರ್ಧ ಎಳೆದು ಯಂತ್ರ ನಿಲ್ಲಿಸಿದಾಗ ಗೆರೆ ಮೆಲ್ಲಗೆ ಕೆಳಗಿಳಿಯಿತು. ಅದು ಸರಿ. ಎಳೆದು ಹಿಡಿದಿಟ್ಟರೆ ನಾರು ದಣಿದು ಸಡಿಲಾಗುತ್ತದೆ, ಯಾವ ನಾರಾದರೂ ಅಷ್ಟೇ. ಮತ್ತೆ ಎಳೆದ. ಗಾಜು ಪಟಪಟ ಮುರಿಯಿತು, ತೆಂಗಿನ ಎಳೆಗಳು ಕಿತ್ತುಬಂದವು, ಮುಗಿಯಿತು.

ಆಮೇಲೆ ಕಾಲಿನ ಪಟ್ಟಿ. ಅರ್ಧ ಎಳೆದು ನಿಲ್ಲಿಸಿದ. ಗೆರೆ ಇಳಿಯಲಿಲ್ಲ. ಒಂದು ಕ್ಷಣ ಹಾಗೇ ಇದ್ದು, ಮೇಲಕ್ಕೆ ಹತ್ತತೊಡಗಿತು.

"ಏಯ್, ಇದೇನೇ ಇದು?" ಅಂದ ಮೋಹನ. ಗುಂಡಿ ಮತ್ತೆ ಒತ್ತಿದ. ಯಂತ್ರ ನಿಂತೇ ಇತ್ತು. ಗೆರೆ ಹತ್ತುತ್ತಲೇ ಇತ್ತು. "ನಾನು ಎಳೀತಾ ಇಲ್ಲ ಅರುಣಾ. ಅದೇ ಎಳೀತಾ ಇದೆ."

ಪ್ಲಗ್ ಕಿತ್ತ. ಪರದೆ ಆರಿತು. ಆ ದಪ್ಪ ಕಬ್ಬಿಣದ ಕಂಬಗಳು ಕಿರ್ ಅಂತ ನರಳಿದ್ದು ನಮ್ಮಿಬ್ಬರಿಗೂ ಕೇಳಿಸಿತು. ಪಟ್ಟಿಯ ಹೊರಗಿನ ಗಾಜು ಒಂದೊಂದೇ ಎಳೆ ಸಿಡಿಯಿತು. ಒಳಗಿನ ತೆಂಗು ಮಾತ್ರ ಬಿಡಲಿಲ್ಲ. ಕಡೆಗೆ ಮೋಹನ ಸ್ಪ್ಯಾನರ್ ತಂದು ಯಂತ್ರದ ಹಿಡಿತ ಸಡಿಲಿಸಿದಾಗ ಅದು ನನ್ನ ಕೈಗೆ ಬಿತ್ತು, ಬೆಚ್ಚಗಿತ್ತು.

"ಹಸಿ ಇರ್ಬೇಕು. ಒಣಗ್ತಾ ಮುದುಡಿಕೊಂಡಿರುತ್ತೆ. ತೇವಾಂಶ ಜಾಸ್ತಿ ಇದ್ರೆ ಆಗುತ್ತೆ" ಅಂದ. ಹಣೆಯ ಬೆವರು ಒರೆಸಿಕೊಂಡು, ನನ್ನ ಮುಖ ನೋಡದೆ, "ಇದನ್ನ ಇಲ್ಲಿ ಬಿಟ್ಟು ಹೋಗ್ಬೇಡ ಮಾರಾಯ್ತಿ" ಅಂತಲೂ ಅಂದ.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಇವರ ಮುಂದೆ ನಿಂತೆ. "ಯಾವ ಮರದ ಸಿಪ್ಪೆ ರೀ ಅದು?"

ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಶಿಲ್ಪನ ಮರದ್ದು" ಅಂದರು ಇವರು ಕೊನೆಗೆ. "ಅವತ್ತು ಹೋದಾಗ ಅವಳ ಬುಡದಾಗೆ ಕೂತ್ಕಂಡು ಅತ್ತುಬುಟ್ಟೆ ಕಣೇ. ಸಾಕಾಗೈತೆ, ಬದುಕೋದು ಬ್ಯಾಡ ಅಂತ. ಸಿಪ್ಪೆ ಅಲ್ಲೇ ಬಿದ್ದಿತ್ತು, ತುಂಬ್ಕಂಡೆ. ಎದ್ದು ಬರೋವಾಗ..."

"ಬರೋವಾಗ ಏನು?"

"ಬತ್ತೀನಿ ಅಂದೆ."

ಅತ್ತೆ ಹಣೆ ಹಣೆ ಬಡಿದುಕೊಂಡರು. "ಅಯ್ಯೋ ನನ್ನಪ್ಪಾ! ಮಣ್ಣು ಮಾಡಿದ ಜಾಗದಾಗೆ ಅನ್ನೋ ಮಾತೇನ್ಲಾ ಅದು?"

ನಿಮಗೂ ಗೊತ್ತಿದೆ. ನಾವು ಯಾರ ಮನೆಯಿಂದ ಎದ್ದರೂ 'ಹೋಗ್ತೀನಿ' ಅನ್ನುವುದಿಲ್ಲ, 'ಬತ್ತೀನಿ' ಅನ್ನುತ್ತೇವೆ. ಅನ್ನಬಾರದ್ದು ಒಂದೇ ಕಡೆ. ಸಾವಿನ ಮನೆಯಿಂದ, ಹೂತ ಜಾಗದಿಂದ, ಮಾತಿಲ್ಲದೆ ಎದ್ದು ಬರಬೇಕು. ಇವರು ಮಾತು ಕೊಟ್ಟುಬಿಟ್ಟಿದ್ದರು. ಅವಳ ನಾರು ತಂದು, ನನ್ನ ಕೈಯಲ್ಲೇ ಗಾಜಿನ ಜೊತೆ ಕೂರಿಸಿ, ಆ ಮಾತು ನಡೆಸಿಕೊಡುವ ಕಾಲನ್ನೂ ಮಾಡಿಸಿಕೊಂಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಷ್ಟು ಆಸೆ ಇದ್ರೆ ಹೋಗಿ! ಅವಳ ಹತ್ರಾನೇ ಹೋಗಿ! ನಾನ್ಯಾಕೆ ಇಲ್ಲಿ ರೆಸಿನ್ ವಾಸನೆ ಕುಡ್ಕೊಂಡು ಸಾಯ್ಲಿ?"

ಇವರು ನನ್ನ ಸೆರಗು ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ತಾಯಿಯ ಎದುರಿಗೆ ನನ್ನನ್ನು ಮುಟ್ಟಿದವರಲ್ಲ. "ಅವತ್ತು ಬ್ಯಾಡಾಗಿತ್ತು ಕಣೇ. ನೀನು ಕಾಲು ಮಾಡಿ ಕೊಟ್ಟ ದಿನದಿಂದ ಬೇಕು ಅನ್ನಿಸ್ತೈತೆ. ನಂಗೆ ಸಾಯಕ್ಕಿಷ್ಟ ಇಲ್ಲ ಅರುಣಾ. ಆದ್ರೆ ಅದು ಕೇಳಾಕಿಲ್ಲ" ಅಂದರು.

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವರ ಪಕ್ಕ ಕೂತೆ. ಹಾಗಾದರೆ ಆ ಕಾಲನ್ನು ತಂದು ಸೀಮೆಎಣ್ಣೆ ಹಾಕಿ ಸುಟ್ಟುಬಿಡುತ್ತೇನೆ ಅಂದೆ.

"ಸುಡದಾ?" ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. "ನಮ್ಮೋರ್ನ ನಾವು ಸುಡಾಕಿಲ್ಲ ಕಣವ್ವ. ಅವಳದು ಅವಳಿಗೆ ಕೊಡು. ಹೂತು ಬಾ. ಇವನು ಹೋಗೋದು ಬ್ಯಾಡ, ನೀನು ಹೋಗು. ಹೂತುಬುಟ್ಟು ಸುಮ್ಕೆ ಎದ್ದು ಬಂದ್ಬುಡು. ಬಾಯಿ ಮಾತ್ರ ಬಿಡ್ಬ್ಯಾಡ."

ಬೇರೆ ಯಾವ ಕೆಲಸ ಹೇಳಿದ್ದರೂ ಸುಲಭವಿತ್ತು.

ಮಾರನೇ ದಿನ ಊಟದ ಹೊತ್ತಿಗೆ ಗುದ್ದಲಿ ಹಿಡಿದು ಹೋದೆ. ಕಾಲು ಬಿಟ್ಟಲ್ಲೇ ನಿಂತಿತ್ತು. ಬಿಸಿಲು ನೆತ್ತಿ ಸುಡುತ್ತಿದ್ದರೂ ಆ ಬುಡದಲ್ಲಿ ತಂಪಿತ್ತು. ಅಗೆಯತೊಡಗಿದೆ. ತೆಂಗಿನ ಬುಡ ಅಗೆದವರಿಗೆ ಗೊತ್ತು, ಬೇರಿನ ಬಲೆ ಗುದ್ದಲಿಯನ್ನೇ ಕಚ್ಚಿ ಹಿಡಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಮೇಲಿನ ಮಣ್ಣು ಸರಿಸಿದರೆ ಬೇರುಗಳು ಆಚೆ ಈಚೆ ಸರಿದು, ನಡುವೆ ಒಂದು ಜಾಗ ಬಿಟ್ಟಿದ್ದವು. ಒಂದು ಕಾಲಿನಷ್ಟು ಜಾಗವಲ್ಲ ಅದು. ಒಬ್ಬ ಮನುಷ್ಯ ಕೂರುವಷ್ಟು ಜಾಗ.

ಅದನ್ನು ನೋಡಿದ ಮೇಲೆ ಬಾಯಿ ನಿಲ್ಲಲಿಲ್ಲ.

"ನಾಚಿಕೆ ಆಗಲ್ವೇನೇ ನಿನಗೆ?" ಅಂದೆ. "ಜಾಗ ಬೇರೆ ಮಾಡ್ಕೊಂಡು ಕೂತಿದೀಯಾ? ಅವರು ನೊಂದು ಅಂದ ಒಂದು ಮಾತನ್ನ ಹಿಡ್ಕೊಂಡು ಎಳೀತೀಯಲ್ಲ. ನಿನಗೆ ಯೌವನದಲ್ಲಿ ಸಿಕ್ಕಿದ್ರು, ಎರಡು ಕಾಲಲ್ಲಿ ನಡೀತಿದ್ರು. ನನಗೆ ಸಿಕ್ಕಿದ್ದು ಅರ್ಧ ತಲೆ ನೆರೆತವರು. ಆ ಅರ್ಧದಲ್ಲೂ ಪಾಲು ಬೇಕಾ ನಿನಗೆ?"

ಕಾಲನ್ನೂ ಆ ನಾರಿನ ಉಳಿದ ತುಂಡುಗಳನ್ನೂ ಇಳಿಸಿದೆ. ಮಣ್ಣು ಎಳೆದೆ. ಎಳೆಯುತ್ತಾ ಮಾತೂ ಹರಿಯಿತು. ಬೇಲೂರಿನ ಮನೆ, ಕಾಫಿ ಕುಡಿದು ಎದ್ದುಹೋದ ಗಂಡುಗಳು, ಆಗದೆ ಹೋದ ಮಕ್ಕಳು, ಇವರು ನಿದ್ದೆಗಣ್ಣಿನಲ್ಲಿ ನನ್ನನ್ನು ಅವಳ ಹೆಸರಿನಿಂದ ಕರೆದದ್ದು, ನಾನು ಓಗೊಟ್ಟದ್ದು. ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ನೀನೂ ಜ್ವರದಲ್ಲಿ ಒಬ್ಬಳೇ ಎಷ್ಟು ಹೆದರಿಕೊಂಡಿದ್ದೆಯೋ ಏನೋ ಅಂತ ಕೇಳಿದೆ. ಮರಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಕಾಂಡ ಬೆಚ್ಚಗಿತ್ತು. ಮದುವೆಯಾಗಿ ಬಂದ ಮೇಲೆ ಅಷ್ಟು ಹಗುರವಾಗಿ ನಾನು ಎಲ್ಲೂ ಕೂತಿರಲಿಲ್ಲ.

ಹೊತ್ತು ಇಳಿಯುತ್ತಿದ್ದುದು ಕಂಡು, ಇವರಿಗೆ ಮಾತ್ರೆ ಕೊಡಬೇಕಲ್ಲ ಅಂತ ನೆನಪಾಯಿತು. ಎದ್ದೆ. ಸೀರೆಯ ಮಣ್ಣು ಕೊಡವಿಕೊಂಡೆ. ಗುದ್ದಲಿ ಎತ್ತಿಕೊಂಡು ಹೆಜ್ಜೆ ಹಾಕುತ್ತಾ, ಯಾರ ಮನೆಯಿಂದ ಎದ್ದರೂ ಹೇಳುವ ಹಾಗೆ, ಹೇಳಿದೆ.

"ಬತ್ತೀನಿ ಕಣಕ್ಕಾ."

ನಾಲಿಗೆ ಕಚ್ಚಿಕೊಂಡೆ. ರಕ್ತ ಬಂತು. ಗಾಳಿಯೇ ಇಲ್ಲದ ಆ ತೋಟದಲ್ಲಿ, ನನ್ನ ತಲೆಯ ಮೇಲೆ, ಒಂದೇ ಒಂದು ಗರಿ ಅಲ್ಲಾಡಿತು. ಬಾಗಿಲವರೆಗೆ ಕಳಿಸಲು ಬಂದ ಹೆಂಗಸು "ಹೂಂ" ಅನ್ನುತ್ತಾಳಲ್ಲ, ಅಷ್ಟೇ ಸದ್ದು.

ಅತ್ತೆಗೂ ಹೇಳಲಿಲ್ಲ, ಇವರಿಗೂ ಹೇಳಲಿಲ್ಲ. ಸಂತೆಯಿಂದ ನಾರು ತಂದು, ಸೋಡಾ ನೀರಲ್ಲಿ ಚೆನ್ನಾಗಿ ನೆನೆಸಿ ತೊಳೆದು ಹೊಸ ಕಾಲು ಮಾಡಿಕೊಟ್ಟೆ. ಮೊದಲಿನಷ್ಟು ಮೆತ್ತಗಿಲ್ಲ, ಸ್ವಲ್ಪ ಒತ್ತುತ್ತದೆ ಅನ್ನುತ್ತಾರೆ. ಆದರೆ ತಿರುಗು ಅಂದರೆ ತಿರುಗುತ್ತದೆ, ನಿಲ್ಲು ಅಂದರೆ ನಿಲ್ಲುತ್ತದೆ. ಬಿಚ್ಚಿಟ್ಟರೆ ಇಟ್ಟ ಹಾಗೇ ಇರುತ್ತದೆ. ಇವರು ಬೆಳಗ್ಗೆ ರಸ್ತೆಯವರೆಗೆ ಹೋಗಿ ಸಕ್ಕರೆಯಿಲ್ಲದ ಟೀ ಕುಡಿದು, ನಾಲ್ಕು ಜನರ ಜೊತೆ ಕೊಬ್ಬರಿ ರೇಟು ಮಾತಾಡಿ ಬರುತ್ತಾರೆ. ಮೈ ಕೈ ತುಂಬಿಕೊಂಡಿದ್ದಾರೆ. ಬೆಕ್ಕು ಮತ್ತೆ ಮನೆಯೊಳಗೆ ಬಂದಿತ್ತು. ಈಚೆಗೆ ಮತ್ತೆ ಬರುವುದು ಬಿಟ್ಟಿದೆ.

ನನ್ನ ಎರಡು ಕಾಲೂ ಹುಟ್ಟಿನಿಂದ ಬಂದವು. ಅದರಲ್ಲಿ ಗಾಜಿಲ್ಲ, ತೆಂಗಿಲ್ಲ, ರೆಸಿನ್ ಇಲ್ಲ. ಆದರೂ ಮುಂಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿ ಊಟವಾಗುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿರುತ್ತದೆ. ಶೆಡ್ಡಿನಲ್ಲಿ ಕೆಲಸ ರಾಶಿ ಬಿದ್ದಿರುತ್ತದೆ, ಅಲ್ಲಿಗೆ ಹೋಗಬೇಕು ಅಂದುಕೊಂಡೇ ಏಳುತ್ತೇನೆ, ಕಾಲು ಮಾತ್ರ ಬೇರೆ ಕಡೆ ಹೊರಟಿರುತ್ತದೆ. ಇವತ್ತೂ ಹಾಗೇ ಆಯಿತು.

"ಎಲ್ಲಿಗೆ ಹೊಂಟೆ ಈ ಬಿಸಿಲಾಗೆ?" ಅಂದರು ಇವರು, ಮಂಚದ ಮೇಲಿಂದ.

"ಹಂಗೇ, ತೋಟದ ಕಡೆ."

ಇವರು ಎದ್ದು ಕೂತರು. ನನ್ನ ಕಾಲನ್ನೇ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಬ್ಯಾಗ ಬಂದ್ಬುಡು ಕಣೇ" ಅಂದರು.

"ಬತ್ತೀನಿ" ಅಂದೆ.

ಇಬ್ಬರಿಗೂ ಅದೇ ಮಾತು ಕೊಟ್ಟಿದ್ದೇನೆ.